ಕೆಜಿಎಫ್‌ನಲ್ಲಿ ಎಲ್ಲರೂ ಆಡುವಂಥ ಒಂದು ಗಾಲ್ಫ್ ಮೈದಾನ ಮಾಡಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕೋಲಾರ ಜಿಲ್ಲೆ
ಮತ್ತು ನಗರಸಭೆಯ ಅಧ್ಯಕ್ಷರಿಗೆ, ಸದಸ್ಯರಿಗೆ, ಕೆಜಿಎಫ್

ಮಾನ್ಯರೇ,

ಕೆಜಿಎಫ್‌ನಲ್ಲಿ ನಗರಸಭೆಯೇ ನಡೆಸುವ ಒಂದು ಸಣ್ಣ ಗಾಲ್ಫ್ ಮೈದಾನ ಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಒಂಬತ್ತು ಹೋಲ್, ಅಂದರೆ ಚೆಂಡು ಹೊಡೆದು ಹಾಕುವ ಒಂಬತ್ತು ಕುಳಿ, ಇದ್ದರೆ ಸಾಕು. ಸುತ್ತ ಗೋಡೆ ಬೇಡ, ಮೆಂಬರ್‌ಶಿಪ್ ಬೇಡ. ಕುಡಿಯುವ ನೀರು ಒಂದು ಹನಿಯೂ ಅದಕ್ಕೆ ಹೋಗಬಾರದು. ದೊಡ್ಡವರು ನೂರು ರೂಪಾಯಿ ಕೊಟ್ಟು ಆಡಲಿ, ಸರ್ಕಾರಿ ಶಾಲೆಯ ಮಕ್ಕಳು ಪುಕ್ಕಟೆ ಆಡಲಿ.

ಅರ್ಜಿ ಕೊಟ್ಟು ಸುಮ್ಮನಾಗಬಹುದಿತ್ತು. ಆದರೆ ಗಾಲ್ಫ್ ಅಂದ ಕೂಡಲೇ ನಮ್ಮ ಜನ ಮುಖ ತಿರುಗಿಸುತ್ತಾರೆ. ಬರಗಾಲದ ಜಿಲ್ಲೆಗೆ ಸಾಹುಕಾರರ ಆಟ ಯಾಕೆ ಅನ್ನುತ್ತಾರೆ. ಅವರ ಮಾತಿನಲ್ಲಿ ತೂಕ ಇದೆ. ಹಾಗಾಗಿ ಅಧಿಕಾರಿಗಳ ಜೊತೆಗೆ ಅವರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದವನು. ಮಕ್ಕಳ ಬಾಯಲ್ಲಿ ಪಿ.ಟಿ. ಮೇಷ್ಟ್ರು. ನಮ್ಮಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಟಿಂಬರ್ ಕೆಲಸ ಮಾಡುತ್ತಿದ್ದರು. ಸುರಂಗದ ಚಾವಣಿ ಕುಸಿಯದಂತೆ ಮರದ ಆಸರೆ ಕೊಡುವ ಕೆಲಸ ಅದು. ಮೇಲೆ, ನೆಲದ ಮೇಲೆ, ಅಧಿಕಾರಿಗಳ ಬಂಗಲೆಗಳಿದ್ದವು, ಕ್ಲಬ್ ಇತ್ತು, ಗಾಲ್ಫ್ ಇತ್ತು. ಬ್ರಿಟಿಷರು ಊರಿಗೆ ಬರುವಾಗಲೇ ಆ ಆಟ ತಂದಿದ್ದರು. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂದ ಮೇಲೂ ಅಧಿಕಾರಿಗಳು ಆಡುತ್ತಿದ್ದರು. ಗಣಿ ಕೆಲಸಗಾರರ ಮಕ್ಕಳಾದ ನಾವು ಬ್ಯಾಗ್ ಹೊರುತ್ತಿದ್ದೆವು, ಪೊದೆಗೆ ಬಿದ್ದ ಚೆಂಡು ಹುಡುಕಿ ಕೊಡುತ್ತಿದ್ದೆವು. ಯಾರೂ ಬೈಯುತ್ತಿರಲಿಲ್ಲ. ಕೈಗೆ ಚಿಲ್ಲರೆ ಕಾಸೂ ಬರುತ್ತಿತ್ತು. ಆದರೆ ಕ್ಲಬ್ ಅನ್ನೋ ಗಾಲ್ಫ್ ಕೋಲು ಹಿಡಿದು ಆಡೋ ಹಕ್ಕು ನಮಗಿದೆ ಅನ್ನೋದು ನಮ್ಮ ಮನಸ್ಸಿಗೇ ಬಂದಿರಲಿಲ್ಲ. ಅದು ಅವರ ಆಟ ಎಂದು ನಾವೇ ಒಪ್ಪಿಕೊಂಡಿದ್ದೆವು.

ಆ ಒಪ್ಪಿಗೆ ನನ್ನೊಳಗೆ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಸರ್ವಿಸ್ ಪೂರ್ತಿ ಕಬಡ್ಡಿ, ಖೋಖೋ, ವಾಲಿಬಾಲ್, ಅಥ್ಲೆಟಿಕ್ಸ್ ಎಲ್ಲ ಕಲಿಸಿದರೂ ಗಾಲ್ಫ್ ಹೆಸರು ಎತ್ತಲಿಲ್ಲ. ನಿವೃತ್ತಿಯಾದ ಮೇಲೆ ಮಗಳ ಮನೆಗೆಂದು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಗಿ ಕೆಲವು ತಿಂಗಳು ಇದ್ದೆ. ಈ ಆಟ ಬೆಳೆದ ನಾಡಿನಲ್ಲಿ ಅದನ್ನು ಯಾರು ಆಡುತ್ತಾರೆ, ಯಾರ ಜಾಗದಲ್ಲಿ ಆಡುತ್ತಾರೆ, ಎಷ್ಟು ದುಡ್ಡಿಗೆ ಆಡುತ್ತಾರೆ ಅನ್ನುವುದನ್ನು ಅಲ್ಲಿ ಕಣ್ಣಾರೆ ಕಂಡೆ. ನಿಮಗೆ ಹೇಳಬೇಕಾದ್ದು ಅದನ್ನೇ.

ಎಡಿನ್‌ಬರೋ ನಗರದ ನಡುವೆ ಬ್ರಂಟ್ಸ್‌ಫೀಲ್ಡ್ ಲಿಂಕ್ಸ್ ಎಂಬ ಪಾರ್ಕ್ ಇದೆ. ಸುತ್ತ ಮನೆ, ಅಂಗಡಿ, ಬಸ್ ಓಡಾಡುವ ರಸ್ತೆ. ಬೇಲಿ ಇಲ್ಲ. ಆ ಹುಲ್ಲಿನ ಮೇಲೆ ನೂರಾರು ವರ್ಷದಿಂದ ಗಾಲ್ಫ್ ಆಡುತ್ತಿದ್ದಾರೆ. ಈಗಲೂ ಬೇಸಿಗೆಯಲ್ಲಿ ಅಲ್ಲಿ 36 ಸಣ್ಣ ಹೋಲ್‌ಗಳಿರುತ್ತವೆ. ಯಾರು ಬೇಕಾದರೂ ಒಂದು ಕ್ಲಬ್, ಚೆಂಡನ್ನು ಕುಳಿಗೆ ಉರುಳಿಸುವ ಒಂದು ಪಟರ್ ಹಿಡಿದು ಬಂದು ಆಡಬಹುದು. ದುಡ್ಡು ಕೇಳುವವರಿಲ್ಲ. ಮಗಳು ಗೆಳತಿಯ ಹತ್ತಿರ ಎರಡು ಕ್ಲಬ್ ಇಸ್ಕೊಂಡು ಬಂದಳು. ಸಂಜೆ ಹೊತ್ತು ಅಪ್ಪ ಮಗಳು ಅಲ್ಲಿ ಆಡಿದೆವು. ಪಕ್ಕದಲ್ಲಿ ಕಾಲೇಜು ಹುಡುಗರು ಹುಲ್ಲಿನ ಮೇಲೆ ಕೂತು ಊಟ ಮಾಡುತ್ತಿದ್ದರು. ಅಜ್ಜಿಯೊಬ್ಬರು ನಾಯಿ ಕರೆದುಕೊಂಡು ಅಡ್ಡ ಹೋದರೆ ನಾವು ಕಾಯುತ್ತಿದ್ದೆವು.

19ನೇ ಶತಮಾನದ ಕೊನೆಗೆ ಅಲ್ಲಿ ಜನ ಜಾಸ್ತಿಯಾದರು. ನಡೆಯುವವರಿಗೂ ಆಡುವವರಿಗೂ ಜಾಗ ಸಾಲದೆ ತಕರಾರು ಎದ್ದಿತು. ಆಗ ಊರಿನ ಆಡಳಿತ ಏನು ಮಾಡಿತು ಗೊತ್ತೇ? ಆಟ ನಿಲ್ಲಿಸಲಿಲ್ಲ, ಆಡುವವರನ್ನು ಖಾಸಗಿ ಕ್ಲಬ್ಬಿಗೆ ಹೋಗಿ ಎನ್ನಲೂ ಇಲ್ಲ. ಊರ ದಕ್ಷಿಣಕ್ಕಿದ್ದ ಬ್ರೇಡ್ ಹಿಲ್ಸ್ ಎಂಬ ಗುಡ್ಡಗಳನ್ನೇ ಕೊಂಡುಕೊಂಡು, 1889ರಲ್ಲಿ ಜನರಿಗಾಗಿ ಗಾಲ್ಫ್ ಮೈದಾನ ತೆರೆಯಿತು. ಕೊಂಡವರು ರಾಜರಲ್ಲ, ಕಂಪನಿಯವರೂ ಅಲ್ಲ. ನಿಮ್ಮ ಹಾಗೆಯೇ ಒಂದು ಊರಿನ ಬೀದಿ, ಚರಂಡಿ, ದೀಪ ನೋಡಿಕೊಳ್ಳುವ ಸಭೆ ಅದು. ಆ ಮೈದಾನ ಇವತ್ತಿಗೂ ನಗರದ್ದೇ. ನಗರದ ಪರವಾಗಿ ಒಂದು ಟ್ರಸ್ಟ್ ಅದನ್ನು ನಡೆಸುತ್ತದೆ.

ಬ್ರೇಡ್ ಹಿಲ್ಸ್‌ನಲ್ಲಿ 18 ಹೋಲ್ ಪೂರ್ತಿ ಒಂದು ರೌಂಡ್ ಆಡಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂಥ ಜಾಗ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಾಗದೆ ನೀವು ಅಂಥದ್ದನ್ನು ಮಾಡಲು ಆಗುವುದಿಲ್ಲ.

ಸಿಟಿ ಬಸ್ಸಿನಲ್ಲೇ ಹೋದೆ. ಬಸ್ಸಿನಲ್ಲಿ ಇನ್ನೊಬ್ಬರು ಗಾಲ್ಫ್ ಬ್ಯಾಗ್ ಕಾಲ ಹತ್ತಿರ ಇಟ್ಟುಕೊಂಡು ಕೂತಿದ್ದರು, ನಮ್ಮಲ್ಲಿ ಸಂತೆಗೆ ಹೋಗುವವರು ಚೀಲ ಇಟ್ಟುಕೊಂಡು ಕೂರುವ ಹಾಗೆ. ಕೌಂಟರಿನಲ್ಲಿ ಕೇಳಿದ್ದು ಹೆಸರು, ಎಷ್ಟು ಗಂಟೆಗೆ ಆಡುತ್ತೀರಿ ಅನ್ನೋದು, ಅಷ್ಟೇ. ಯಾವ ಕ್ಲಬ್ಬಿನ ಮೆಂಬರ್ ಎಂದು ಕೇಳಲಿಲ್ಲ. ಬಟ್ಟೆ, ಬೂಟು ನೋಡಲಿಲ್ಲ. ಅಲ್ಲಿ ಕೂಲಿ ಮಾಡುವವರು ಎರಡು ಮೂರು ಗಂಟೆ ದುಡಿದರೆ ಬರುವಷ್ಟು ಫೀಸು. ಕ್ಲಬ್‌ಗಳನ್ನು ಬಾಡಿಗೆಗೆ ಕೊಟ್ಟರು. ಒಬ್ಬನೇ ಬಂದಿದ್ದರಿಂದ ಇನ್ನಿಬ್ಬರ ಜೊತೆ ಸೇರಿಸಿದರು. ಒಬ್ಬರು ಬಸ್ ಓಡಿಸಿ ನಿವೃತ್ತರಾದವರು. ಇನ್ನೊಬ್ಬರು ನರ್ಸ್, ರಾತ್ರಿ ಪಾಳಿ ಮುಗಿಸಿ ನಿದ್ದೆ ಮಾಡಿ ಎದ್ದು ಬಂದಿದ್ದವರು. ಹೆಚ್ಚುಕಡಿಮೆ ನಾಲ್ಕು ಗಂಟೆ ನಾವು ಮೂವರು ಗುಡ್ಡ ಹತ್ತಿ ಇಳಿದೆವು.

ನೆಲ ಒರಟು. ಬಂಡೆಗಳು ಹುಲ್ಲಿನಿಂದ ತಲೆ ಎತ್ತಿವೆ. ಗಾರ್ಸ್ ಎಂಬ ಮುಳ್ಳಿನ ಪೊದೆ ತುಂಬ ಹಳದಿ ಹೂವು. ಚೆಂಡು ಅದರೊಳಗೆ ಹೋದರೆ ಆಸೆ ಬಿಡಬೇಕು. ನೆತ್ತಿಯ ಮೇಲೆ ನಿಂತರೆ ಊರ ಕೋಟೆ, ಅದರಾಚೆ ಸಮುದ್ರದ ಕೊಲ್ಲಿ ಎಲ್ಲ ಕಾಣುತ್ತದೆ. ಗಾಳಿ ಎಷ್ಟು ಜೋರೆಂದರೆ ಒಂದೇ ಹೊಡೆತ ಒಂದು ದಿಕ್ಕಿಗೆ ಸಾಲದು, ಇನ್ನೊಂದು ದಿಕ್ಕಿಗೆ ಹೆಚ್ಚಾಗುತ್ತದೆ. ಟೀವಿಯಲ್ಲಿ ತೋರಿಸುವ ನುಣುಪು ಹುಲ್ಲು ಅಲ್ಲಿರಲಿಲ್ಲ. ಹೋಲ್ ಸುತ್ತ ಗಿಡ್ಡವಾಗಿ ಕತ್ತರಿಸಿದ ಹುಲ್ಲು, ಅದಕ್ಕೆ ಗ್ರೀನ್ ಅನ್ನುತ್ತಾರೆ, ಅದು ಬಿಟ್ಟರೆ ಉಳಿದದ್ದು ಗುಡ್ಡ ಹೇಗಿದೆಯೋ ಹಾಗೆ. ನನಗೆ ಆ ನೆಲ ಹೊಸದು ಅನ್ನಿಸಲೇ ಇಲ್ಲ. ಬಂಡೆ, ಮುಳ್ಳು, ಗಾಳಿ, ಏರಿಳಿತ ಇವೆಲ್ಲ ನಮ್ಮ ಊರಿನಲ್ಲೂ ಇವೆಯಲ್ಲ.

ಮೈದಾನದ ನಡುವೆಯೇ ಕಾಲುದಾರಿ. ಹೆಂಗಸರು ಮಕ್ಕಳು ಓಡಾಡುತ್ತಿದ್ದರು. ಸ್ಕಾಟ್ಲೆಂಡಿನಲ್ಲಿ 2003ರ ಭೂ ಸುಧಾರಣೆ ಕಾಯ್ದೆಯ ಪ್ರಕಾರ ಆಟಕ್ಕೆ ಅಡ್ಡಿ ಮಾಡದೆ, ಗ್ರೀನ್ ತುಳಿಯದೆ, ಗಾಲ್ಫ್ ಮೈದಾನ ದಾಟಿ ಹೋಗುವ ಹಕ್ಕು ಜನರಿಗೆ ಇದೆ. ಹೀಗೆ ಒಂದೇ ನೆಲದಲ್ಲಿ ಆಡುವವರು, ನಡೆಯುವವರು ಇಬ್ಬರೂ ಇರುತ್ತಾರೆ. ನಮ್ಮಲ್ಲಿ ಗಾಲ್ಫ್ ಅಂದರೆ ಮೊದಲು ಏಳುವುದು ಗೋಡೆ. ಹೆದ್ದಾರಿ ಬದಿ, ನಂದಿ ಬೆಟ್ಟದ ಕಡೆ ವಿಲ್ಲಾಗಳ ನಡುವೆ ಇರುವ ಗಾಲ್ಫ್ ಕೋರ್ಸ್‌ಗಳನ್ನು ನಾವು ಗೇಟಿನ ಹೊರಗಿಂದಲೇ ನೋಡಿದವರು. ಹಿಂದೊಮ್ಮೆ ಶಾಲೆಯ ಮಕ್ಕಳಿಗೆ ತೋರಿಸೋಣ ಎಂದು ಅಂಥ ಒಂದು ಕಡೆ ಕೇಳಿಕೊಂಡೆ. ಆಡಿಸಿ ಎನ್ನಲಿಲ್ಲ, ನೋಡಲು ಬಿಡಿ ಎಂದಷ್ಟೇ. ಆಗುವುದಿಲ್ಲ ಎಂಬ ಉತ್ತರವೂ ಬರಲಿಲ್ಲ. ಮಕ್ಕಳು ವಾರಗಟ್ಟಲೆ ಕೇಳುತ್ತಿದ್ದರು, ಯಾವಾಗ ಸಾರ್ ಹೋಗೋದು ಅಂತ.

ಈ ಆಟ ಹುಟ್ಟುವಾಗ ಹೀಗಿರಲಿಲ್ಲ. ಎಡಿನ್‌ಬರೋ ಪಕ್ಕದ ಮಸಲ್‌ಬರೋ ಎಂಬ ಊರಿನಲ್ಲಿ ಮೀನು ಮಾರುವ ಹೆಂಗಸರು ಗಾಲ್ಫ್ ಆಡುತ್ತಿದ್ದರು. 1811ರ ಜನವರಿಯಲ್ಲಿ ಅವರಿಗಾಗಿ ಒಂದು ಪಂದ್ಯ ಇಟ್ಟರು. ಗೆದ್ದವಳಿಗೆ ಬಹುಮಾನ ಒಂದು ಹೊಸ ಮೀನಿನ ಬುಟ್ಟಿ, ಒಂದು ಶಾಲು. ಹೆಂಗಸರ ಗಾಲ್ಫ್ ಪಂದ್ಯಗಳಲ್ಲಿ ದಾಖಲೆ ಇರುವ ಮೊದಲನೆಯದೆಂದು ಇದನ್ನೇ ಹೇಳುತ್ತಾರೆ. ಬುಟ್ಟಿ ಹೊತ್ತು ಮಾರುವ ಹೆಂಗಸರು ಆಡಿದ ಆಟ ಇಲ್ಲಿಗೆ ಬರುವಷ್ಟರಲ್ಲಿ ಸೂಟುಬೂಟಿನವರದ್ದು ಹೇಗಾಯಿತು? ಆಟದಲ್ಲಿ ಏನೂ ಬದಲಾಗಲಿಲ್ಲ. ನೆಲ ಯಾರ ಕೈಯಲ್ಲಿದೆ ಅನ್ನುವುದು ಬದಲಾಯಿತು. ನಮಗೆ ಗಾಲ್ಫ್ ತಂದವರು ಊರಿಗೆ ಒಂದು ಮೈದಾನ ಕೊಡಲಿಲ್ಲ, ತಮ್ಮ ಕ್ಲಬ್ಬಿಗೆ ಮಾಡಿಕೊಂಡರು.

ಗಾಲ್ಫ್ ಆಡುವವರೆಲ್ಲ ಕೈ ಮುಗಿಯುವ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಕೂಡ ಊರ ಜನರದ್ದೇ. ಅಲ್ಲಿ ಆಡುವುದು ಊರವರ ಹಕ್ಕು ಎಂದು 1552ರಲ್ಲೇ ಬರೆದುಕೊಟ್ಟಿದ್ದಾರೆ. 1974ರ ಒಂದು ಕಾಯ್ದೆಯಿಂದ ಅದನ್ನು ಟ್ರಸ್ಟ್ ನೋಡಿಕೊಳ್ಳುತ್ತದೆ. ಭಾನುವಾರ ಅಲ್ಲಿ ಗಾಲ್ಫ್ ಇಲ್ಲ, ಜನ ಪಾರ್ಕಿನಂತೆ ಓಡಾಡುತ್ತಾರೆ. ಅಮೆರಿಕದ ಸ್ಯಾನ್ ಡಿಯಾಗೋ ನಗರ ನಡೆಸುವ ಟೊರೆ ಪೈನ್ಸ್ ಮೈದಾನದಲ್ಲಿ 2008ರ ಯು.ಎಸ್. ಓಪನ್ ನಡೆಯಿತು, ಟೈಗರ್ ವುಡ್ಸ್ ಗೆದ್ದರು. ಅದೇ ಮೈದಾನದಲ್ಲಿ ಆ ಊರಿನವರು ಹೊರಗಿನವರಿಗಿಂತ ಕಡಿಮೆ ದುಡ್ಡಿಗೆ ಆಡುತ್ತಾರೆ. ನಮ್ಮ ದೇಶದಲ್ಲೂ ದಾರಿ ಇದೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರ 2000ದಲ್ಲಿ ಕುತುಬ್ ಗಾಲ್ಫ್ ಕೋರ್ಸ್ ತೆರೆಯಿತು. ಸದಸ್ಯರಲ್ಲದವರೂ ಫೀಸು ಕಟ್ಟಿ ಆಡಬಹುದಾದ ಸಾರ್ವಜನಿಕ ಮೈದಾನ ಅದು. ಸರ್ಕಾರದ ಕೈಲಿ ಇದು ಆಗುವುದಿಲ್ಲ ಅನ್ನುವಂತಿಲ್ಲ.

ಪಿ.ಟಿ. ಮೇಷ್ಟ್ರಾಗಿ ನನಗೆ ಈ ಆಟದ ಮೇಲೆ ಆಸೆ ಹುಟ್ಟಿದ್ದಕ್ಕೆ ಬೇರೆ ಕಾರಣ ಇದೆ. ಗಾಲ್ಫ್ ಮೈದಾನದಲ್ಲಿ ಅಂಪೈರ್ ಇಲ್ಲ. ಪೊದೆ ಮರೆಯಲ್ಲಿ ಚೆಂಡು ಸರಿಸಿದರೆ ಯಾರಿಗೂ ಕಾಣುವುದಿಲ್ಲ. ಆದರೂ ಆಡುವವನೇ ತನ್ನ ಹೊಡೆತಗಳನ್ನು ಎಣಿಸಬೇಕು. ಆ ದಿನ ಬ್ರೇಡ್ ಹಿಲ್ಸ್‌ನಲ್ಲಿ ಆ ನರ್ಸ್ ಚೆಂಡಿನ ಹಿಂದೆ ಕ್ಲಬ್ ಇಟ್ಟು ನಿಂತವರು ತಟ್ಟನೆ ಹಿಂದೆ ಸರಿದರು. ಚೆಂಡು ಅಲುಗಿತು, ನನ್ನಿಂದಲೇ ಆಯ್ತು, ಒಂದು ಹೊಡೆತ ಸೇರಿಸಿ ಎಂದರು. ನಮ್ಮಿಬ್ಬರಿಗೂ ಅದು ಕಂಡಿರಲಿಲ್ಲ. ತಾಲ್ಲೂಕು ಮಟ್ಟದ ಪಂದ್ಯಗಳಲ್ಲಿ ರೆಫ್ರಿ ಜೊತೆ ಮಕ್ಕಳು, ಕೆಲವು ಸಲ ಮೇಷ್ಟ್ರುಗಳೂ, ಜಗಳಕ್ಕೆ ನಿಲ್ಲುವುದನ್ನು ಇಡೀ ಸರ್ವಿಸ್ ನೋಡಿದ ನನಗೆ ಇದು ತುಂಬ ದೊಡ್ಡದಾಗಿ ಕಂಡಿತು. ಮಣ್ಣು ಕಿತ್ತು ಬಂದರೆ ಹೊಡೆದವರೇ ಮತ್ತೆ ಮುಚ್ಚಬೇಕು. ಬಂಕರ್ ಅನ್ನುವ ಮರಳು ಗುಂಡಿಯಲ್ಲಿ ಕಾಲಿಟ್ಟರೆ ತಾವೇ ಕುಂಟೆ ಎಳೆದು ಸಮ ಮಾಡಿ ಬರಬೇಕು. ಹಿಂದಿನವರು ಬೇಗ ಆಡುತ್ತಿದ್ದರೆ ದಾರಿ ಬಿಡಬೇಕು. ಇವೆಲ್ಲ ಅಲ್ಲಿ ಉಪದೇಶ ಅಲ್ಲ, ರೂಢಿ.

ಇನ್ನೊಂದು, ಹ್ಯಾಂಡಿಕ್ಯಾಪ್. ಚೆನ್ನಾಗಿ ಆಡುವವರಿಗೂ ಕಲಿಯುತ್ತಿರುವವರಿಗೂ ನಡುವೆ ಇರುವ ಅಂತರವನ್ನು ಲೆಕ್ಕ ಹಾಕಿ, ಕಲಿಯುವವರಿಗೆ ಅಷ್ಟು ಹೊಡೆತ ಬಿಟ್ಟುಕೊಡುತ್ತಾರೆ. ಹೀಗಾಗಿ ಹನ್ನೆರಡರ ಹುಡುಗಿ ಅರವತ್ತೈದರ ಅಜ್ಜನ ಜೊತೆ ಸಮಸಮ ಆಡಬಹುದು. ಹೀಗೆ ವಯಸ್ಸು, ಬಲ ಎರಡನ್ನೂ ಸರಿದೂಗಿಸುವ ಇನ್ನೊಂದು ಆಟ ನನಗೆ ಗೊತ್ತಿಲ್ಲ. ನಮ್ಮ ಮೈದಾನಗಳಲ್ಲಿ ಹುಡುಗಿಯರು ಎಂಟನೇ ಕ್ಲಾಸಿಗೆ ಆಟ ಬಿಡುತ್ತಾರೆ, ಗಂಡಸರು ಮೂವತ್ತಕ್ಕೆ ಬಿಡುತ್ತಾರೆ. ಆಮೇಲೆ ಡಾಕ್ಟರು ಹೇಳಿದರೆ ವಾಕಿಂಗ್, ಅಷ್ಟೇ. 18 ಹೋಲ್ ಆಡಿದರೆ ಗೊತ್ತಿಲ್ಲದೆ ಆರೇಳು ಕಿಲೋಮೀಟರ್ ನಡೆದಿರುತ್ತೇವೆ. ಶುಗರ್, ಬಿ.ಪಿ. ಇರುವ ನನ್ನ ವಯಸ್ಸಿನವರಿಗೆ ಇದು ಎಷ್ಟು ಒಳ್ಳೆಯದು ಯೋಚಿಸಿ.

ಈಗ ಎಲ್ಲರ ಬಾಯಲ್ಲೂ ಇರುವ ಪ್ರಶ್ನೆ, ನೀರು.

ಕೋಲಾರದಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ. ನದಿ ನಾಲೆಯ ಆಸರೆ ಇಲ್ಲದೆ ಕೆರೆ, ಬಾವಿ, ಕೊಳವೆಬಾವಿ ನಂಬಿ ಬದುಕಿದ ಜಿಲ್ಲೆ. ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗದ ಊರುಗಳನ್ನು ನಾವು ನೋಡಿದ್ದೇವೆ. ದೊಡ್ಡ ಗಾಲ್ಫ್ ಕೋರ್ಸ್‌ನ ಹುಲ್ಲಿಗೆ ಬೇಸಿಗೆಯಲ್ಲಿ ದಿನಕ್ಕೆ ಲಕ್ಷಾಂತರ ಲೀಟರ್ ಬೇಕು. ಅಂಥದ್ದು ಇಲ್ಲಿ ಮಾಡಿದರೆ ಅದು ಅನ್ಯಾಯ, ಎದುರು ನಿಲ್ಲುವವರಲ್ಲಿ ನಾನೇ ಮೊದಲಿಗ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ಅದರ ಗುಣದ ಬಗ್ಗೆ ತಕರಾರು ಇರಲಿ, ಕೆರೆ ತುಂಬಿದ್ದರಿಂದ ಅಂತರ್ಜಲಕ್ಕೆ ಆದ ಅನುಕೂಲ ಇರಲಿ, ಅದು ರೈತರ ಪಾಲು. ಅದರಲ್ಲಿ ಒಂದು ಕೊಡವನ್ನೂ ಗಾಲ್ಫಿಗೆ ಕೇಳುವುದಿಲ್ಲ.

ಹಾಗಾದರೆ ಹುಲ್ಲು ಹೇಗೆ? ಒಣ ನೆಲದಲ್ಲಿ ಗಾಲ್ಫ್ ಆಡುವ ರೀತಿ ಬೇರೆಯೇ ಇದೆ. ಹೋಲ್ ಸುತ್ತ ಹುಲ್ಲಿನ ಗ್ರೀನ್ ಬದಲು ಮರಳನ್ನು ಒತ್ತಿ ಸಮ ಮಾಡಿದ ಅಂಗಳ ಇರುತ್ತದೆ. ಗಾಲ್ಫ್ ಆಡುವವರು ಅದನ್ನು ಬ್ರೌನ್ ಅನ್ನುತ್ತಾರೆ. ಆಡಿದ ಮೇಲೆ ಒಂದು ಹಲಗೆ ಎಳೆದರೆ ಮುಂದಿನವರಿಗೆ ಸಿದ್ಧ. ಆಸ್ಟ್ರೇಲಿಯಾದ ಒಣ ಹಳ್ಳಿಗಳಲ್ಲಿ, ಅಮೆರಿಕದ ಬಯಲು ಸೀಮೆಯ ಸಣ್ಣ ಊರುಗಳಲ್ಲಿ ಇಂದಿಗೂ ಹೀಗೇ ಆಡುತ್ತಾರೆ. ಎಷ್ಟೋ ದೊಡ್ಡ ಪಂದ್ಯ ನಡೆದಿರುವ ಅಮೆರಿಕದ ಪೈನ್‌ಹರ್ಸ್ಟ್ ನಂಬರ್ 2 ಮೈದಾನದಲ್ಲಿ 1935ರವರೆಗೆ ಇದ್ದದ್ದು ಮರಳಿನ ಗ್ರೀನ್‌ಗಳೇ. ಮರಳು ಗಟ್ಟಿಯಾಗಲು ಕೆಲವು ಕಡೆ ಎಣ್ಣೆ ಬೆರೆಸುತ್ತಾರೆ. ನಮಗೆ ಹಳೇ ಎಂಜಿನ್ ಆಯಿಲ್ ಬೇಡವೇ ಬೇಡ, ಅದು ಮಣ್ಣಿಗೆ ಇಳಿಯುತ್ತದೆ. ರೋಲರ್ ಹೊಡೆದರೆ ಸಾಕು.

ಉಳಿದ ನೆಲಕ್ಕೆ ಗರಿಕೆ ಇದೆ. ಗಣಪತಿಗೆ ಏರಿಸುವ ಇದೇ ಗರಿಕೆಯನ್ನೇ ಬಿಸಿಲು ದೇಶಗಳ ಗಾಲ್ಫ್ ಮೈದಾನಗಳಲ್ಲಿ ಬರ್ಮುಡಾ ಹುಲ್ಲು ಎಂದು ಬೆಳೆಸುತ್ತಾರೆ, ಅದರಿಂದಲೇ ಹೊಸ ತಳಿಗಳನ್ನೂ ಮಾಡಿದ್ದಾರೆ. ಮಳೆಗಾಲದಲ್ಲಿ ಹಸಿರು, ಬೇಸಿಗೆಯಲ್ಲಿ ಒಣಗಿ ಕಂದು, ಮತ್ತೆ ಮಳೆ ಬಿದ್ದರೆ ತಾನೇ ಚಿಗುರುತ್ತದೆ. ಒಣಗಿದಾಗಲೂ ಆಡಬಹುದು, ಚೆಂಡು ಇನ್ನೂ ದೂರ ಉರುಳುತ್ತದೆ. ಹುಲ್ಲು ಕತ್ತರಿಸಲು ಮೆಷಿನ್ ತಂದು ಕುರಿಯವರನ್ನು ಓಡಿಸಬೇಡಿ. ಸ್ಕಾಟ್ಲೆಂಡಿನಲ್ಲೂ ಮೆಷಿನ್ ಬರುವ ಮೊದಲು ಮೈದಾನದ ಹುಲ್ಲನ್ನು ಗಿಡ್ಡವಾಗಿ ಇಟ್ಟದ್ದು ಕುರಿ ಮತ್ತು ಮೊಲಗಳೇ. ಇಂತಿಷ್ಟು ಹೊತ್ತಿನಿಂದ ಇಂತಿಷ್ಟು ಹೊತ್ತು ಮೇಯಿಸಲಿ ಎಂದು ಗೊತ್ತು ಮಾಡಿದರೆ ಇಬ್ಬರಿಗೂ ಆಗುತ್ತದೆ. ಒಂದೊಮ್ಮೆ ಒಂದೆರಡು ಗ್ರೀನ್‌ಗೆ ಹುಲ್ಲು ಬೇಕೇ ಬೇಕು ಅನ್ನಿಸಿದರೆ, ಊರಿನ ಕೊಳಚೆ ನೀರನ್ನು ಶುದ್ಧ ಮಾಡಿ ಬಿಡಿ. ಹೇಗೂ ಆ ಕೆಲಸ ನಗರಸಭೆ ಮಾಡಲೇಬೇಕಾದದ್ದು.

ಜಾಗದ ಬಗ್ಗೆ ಎಚ್ಚರದಿಂದ ಬರೆಯುತ್ತಿದ್ದೇನೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಸಾವಿರಾರು ಎಕರೆ ನೆಲ ಸುಮ್ನೆ ಬಿದ್ದಿದೆ. ಅದು ಕೇಂದ್ರ ಸರ್ಕಾರದ ಕಂಪನಿಯ ಹೆಸರಲ್ಲಿದೆ. ಅಲ್ಲಿ ಕೈಗಾರಿಕೆ ತರುವ ಮಾತು ಬಹಳ ಕಾಲದಿಂದ ಕೇಳುತ್ತಿದ್ದೇವೆ. ಕೈಗಾರಿಕೆ ಬರಲಿ. ನಮ್ಮ ಹುಡುಗರು ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುವುದು ತಪ್ಪಲಿ. ನಾನು ಕೇಳುತ್ತಿರುವುದು ಹದಿನೈದು ಇಪ್ಪತ್ತು ಎಕರೆ. ಎಪ್ಪತ್ತರಿಂದ ನೂರೈವತ್ತು ಮೀಟರ್‌ನ ಒಂಬತ್ತು ಪಾರ್-3 ಹೋಲ್‌ಗೆ, ಅಂದರೆ ಮೂರು ಹೊಡೆತದಲ್ಲಿ ಮುಗಿಸಬೇಕಾದ ಸಣ್ಣ ಹೋಲ್‌ಗಳಿಗೆ, ಅಷ್ಟು ಸಾಕು.

ಆದರೆ ಸೈನೈಡ್ ದಿಬ್ಬಗಳ ಹತ್ತಿರವೂ ಇದು ಬರಬಾರದು. ಚಿನ್ನ ತೆಗೆದು ಉಳಿದ ಆ ಪುಡಿ ಗಾಳಿ ಕಾಲದಲ್ಲಿ ಎದ್ದು ಮನೆಗಳ ಮೇಲೆ ಕೂರುತ್ತದೆ. ಊರವರಿಗೆ ಇದನ್ನು ಹೇಳಬೇಕಿಲ್ಲ. ನೋಡಲು ಒಳ್ಳೆ ಮರಳಿನಂತಿದೆ ಎಂದು ಅದನ್ನು ಬ್ರೌನ್‌ಗೋ ಬಂಕರಿಗೋ ತಂದು ಸುರಿಯುವ ಯೋಚನೆ ಯಾವ ಗುತ್ತಿಗೆದಾರರಿಗೂ ಬರದಿರಲಿ, ಬಂದರೆ ನೀವು ತಡೆಯಬೇಕು. ಮೊದಲು ಮಣ್ಣಿನ ಪರೀಕ್ಷೆ. ಕೆಳಗೆ ಹಳೆಯ ಸುರಂಗ, ಶಾಫ್ಟ್ ಇಲ್ಲದ ಗಟ್ಟಿ ನೆಲವೇ ಎಂದು ಗಣಿಯ ನಕ್ಷೆಗಳಿಂದ ಖಚಿತಪಡಿಸಿಕೊಳ್ಳಬೇಕು. ಇದಕ್ಕೆ ತಿಳಿದವರು ದೂರ ಇಲ್ಲ. ಬಂಡೆಗಳ ಬಲ ಪರೀಕ್ಷಿಸುವ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಹುಟ್ಟಿದ್ದೇ ಕೆಜಿಎಫ್‌ನಲ್ಲಿ. ಗಾಲ್ಫ್ ಚೆಂಡು 46 ಗ್ರಾಂ ತೂಕಕ್ಕೂ ಕಡಿಮೆ, ಆದರೆ ಕಲ್ಲಿನಷ್ಟು ಗಟ್ಟಿ. ಮನೆಗಳಿಂದ, ರಸ್ತೆಯಿಂದ ದೂರ ಇರಬೇಕು. ಕಾಲುದಾರಿ ಹತ್ತಿರದ ಒಂದೆರಡು ಕಡೆ ಬಲೆ ಕಟ್ಟಬೇಕು. ಹೊಸಬರಿಗೆ, ಚಿಕ್ಕ ಮಕ್ಕಳಿಗೆ ಮೆತ್ತನೆ ಚೆಂಡು ಕೊಡಬೇಕು.

ಮೊದಲು ರಸ್ತೆ, ಆಸ್ಪತ್ರೆ, ಕೆಲಸ, ಆಮೇಲೆ ಗಾಲ್ಫ್ ಎಂದು ಹೇಳುವವರಿದ್ದಾರೆ. ಸರಿ. ರಸ್ತೆಯ ದುಡ್ಡು ತೆಗೆದು ಇದಕ್ಕೆ ಹಾಕಿ ಎಂದು ಕೇಳುತ್ತಿಲ್ಲ. ನೆಲ ಸಮ ಮಾಡುವುದು, ಒಂಬತ್ತು ಬ್ರೌನ್, ಬಾವುಟ, ಒಂದು ಶೆಡ್, ಒಂದು ಶೌಚಾಲಯ, ಕುಡಿಯುವ ನೀರಿನ ಒಂದು ನಲ್ಲಿ, ನೋಡಿಕೊಳ್ಳಲು ಊರಿನದೇ ಮೂರು ನಾಲ್ಕು ಜನ. ಬಳಸಿದ ಕ್ಲಬ್‌ಗಳನ್ನು ಬೆಂಗಳೂರಿನ ಆಟಗಾರರಿಂದ ಕೇಳಿ ತರಬಹುದು. ಸೆವೆನ್ ಐರನ್ ಅನ್ನುವ ಒಂದು ಕ್ಲಬ್, ಒಂದು ಪಟರ್ ಇದ್ದರೆ ಒಂದು ಮಗು ಆಟ ಶುರು ಮಾಡಬಹುದು. ಇದು ಕ್ರೀಡಾಂಗಣದ ಒಂದು ಗ್ಯಾಲರಿಗೆ ಹಾಕುವ ಕಾಂಕ್ರೀಟಿಗಿಂತ ಕಡಿಮೆ ಕೆಲಸ. ಮತ್ತೆ ಕೆಜಿಎಫ್ ಎಂದೂ ಬರೀ ಕೂಲಿಯ ಊರಾಗಿರಲಿಲ್ಲ. ಬೆಂಗಳೂರಿನ ಬೀದಿಗೂ ಮೊದಲು, 1902ರಲ್ಲೇ, ಶಿವನಸಮುದ್ರದ ಕರೆಂಟು ಬಂದದ್ದು ನಮ್ಮ ಗಣಿಗೆ. ಗಣಿ ಕೆಲಸಗಾರರ ಲೈನು ಮನೆಗಳಿಂದ ಫುಟ್ಬಾಲ್, ಹಾಕಿ, ಬಾಕ್ಸಿಂಗ್ ಆಡುವವರು ಎದ್ದುಬಂದರು. ಪಾಳಿ ಮುಗಿಸಿ ಬಂದವರು ಸಂಜೆ ಆಡುತ್ತಿದ್ದರು. ಆಟ ಹೊಟ್ಟೆ ತುಂಬಿದ ಮೇಲಿನ ವಿಷಯ ಎಂದು ನಮ್ಮ ಅಪ್ಪಂದಿರು ಅಂದುಕೊಂಡಿರಲಿಲ್ಲ.

ಕ್ಯಾಡಿಗಳಾಗಿ ಬ್ಯಾಗ್ ಹೊತ್ತವರು ಏನು ಮಾಡಬಲ್ಲರು ಎಂದು ಈ ದೇಶ ನೋಡಿದೆ. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು, 1993ರಲ್ಲಿ ಮತ್ತೆ ಗೆದ್ದರು. ನಮ್ಮದೇ ರಾಜ್ಯದ ಚಿಕ್ಕರಂಗಪ್ಪ ಬಿಡದಿ ಕಡೆಯ ಹಳ್ಳಿ ಹುಡುಗ. ಊರ ಪಕ್ಕದಲ್ಲೇ ಗಾಲ್ಫ್ ಮೈದಾನ ಇತ್ತು, ಅಲ್ಲಿ ಕೆಲಸಕ್ಕೆ ಹೋದ, ಆಟ ಕಲಿತ, ದೇಶದ ವೃತ್ತಿಪರ ಪಂದ್ಯಗಳನ್ನು ಗೆದ್ದ. ಅದಿತಿ ಅಶೋಕ್ ಬೆಂಗಳೂರಿನ ಹುಡುಗಿ. ಚಿಕ್ಕ ವಯಸ್ಸಿನಲ್ಲೇ ಅಲ್ಲಿನ ಡ್ರೈವಿಂಗ್ ರೇಂಜ್ ಅನ್ನುವ ಅಭ್ಯಾಸದ ಜಾಗದಲ್ಲಿ ಶುರು ಮಾಡಿದಳು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ. ಆ ವಾರ ಗಾಲ್ಫ್ ಗೊತ್ತಿಲ್ಲದ ನಮ್ಮ ಬೀದಿಯ ಹೆಂಗಸರೂ ಬೆಳಗ್ಗೆ ಟೀವಿ ಮುಂದೆ ಕೂತಿದ್ದರು. ಇವರೆಲ್ಲರಿಗೂ ಪ್ರತಿಭೆ ಇತ್ತು, ಜೊತೆಗೆ ಹತ್ತಿರದಲ್ಲಿ ಒಂದು ಮೈದಾನವೂ ಇತ್ತು. ನಮ್ಮ ಮಕ್ಕಳಿಗೆ ಎರಡನೆಯದು ಇಲ್ಲ. ಎಲ್ಲರೂ ಚಾಂಪಿಯನ್ ಆಗಲಿ ಎಂದು ನಾನು ಮೈದಾನ ಕೇಳುತ್ತಿಲ್ಲ. ಆಡಲಿ, ಅಷ್ಟೇ.

ನೀವು ಮಾಡಬೇಕಾದ್ದನ್ನು ನೇರವಾಗಿ ಹೇಳುತ್ತೇನೆ. ನಗರಸಭೆಯ ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಅಜೆಂಡಾದಲ್ಲಿ ಸೇರಿಸಿ. ಜಿಲ್ಲಾಧಿಕಾರಿಗಳು ಕಂದಾಯ ಇಲಾಖೆಯವರಿಂದ ಮೂರು ನಾಲ್ಕು ಸರ್ಕಾರಿ ಜಾಗಗಳನ್ನು ಗುರುತು ಮಾಡಿಸಲಿ. ಗಣಿ ಜಮೀನೇ ಆಗಬೇಕೆಂದಿಲ್ಲ. ಊರ ಹತ್ತಿರ, ಸಿಟಿ ಬಸ್ಸಿಗೆ, ಸೈಕಲಿಗೆ ಸಿಗುವಂತಿರಲಿ. ನಡೆಸುವ ಜವಾಬ್ದಾರಿಯನ್ನು ಖಾಸಗಿಯವರಿಗೆ ಲೀಸ್‌ಗೆ ಮಾತ್ರ ಕೊಡಬೇಡಿ. ಮೊದಲ ವರ್ಷ ನೂರು ರೂಪಾಯಿ, ಎರಡನೇ ವರ್ಷ ಐನೂರು, ಮೂರನೇ ವರ್ಷ ಗೇಟು ಎಂದಾಗುವುದನ್ನು ಬೇರೆ ಜಾಗಗಳಲ್ಲಿ ಕಂಡಿದ್ದೇವೆ. ನಗರಸಭೆ, ಯುವಜನ ಮತ್ತು ಕ್ರೀಡಾ ಇಲಾಖೆ, ಊರಿನ ಪಿ.ಟಿ. ಮೇಷ್ಟ್ರುಗಳು ಸೇರಿದ ಒಂದು ಸಮಿತಿ ಇರಲಿ, ಫೀಸು ಏರಿಸಬೇಕಾದರೆ ವಾರ್ಡ್ ಸಭೆಗಳಲ್ಲಿ ಕೇಳಿ ಏರಿಸಲಿ. ವಾರಕ್ಕೆ ಎರಡು ಬೆಳಗ್ಗೆ ಹೆಂಗಸರಿಗೇ ಮೀಸಲಿಡಿ. ಭಾನುವಾರ ಸಂಜೆ ಆಟ ನಿಲ್ಲಿಸಿ, ಊರ ಜನ ಮಕ್ಕಳನ್ನು ಕರೆದುಕೊಂಡು ಬಂದು ಕೂರಲಿ.

ಕಲಿಸುವ ಕೆಲಸ ನನಗೆ ಬಿಡಿ. ಸಂಬಳ ಬೇಡ. ಜಿಲ್ಲೆಯಲ್ಲಿ ನನ್ನಂತೆ ನಿವೃತ್ತರಾದ ದೈಹಿಕ ಶಿಕ್ಷಣ ಶಿಕ್ಷಕರು ಇದ್ದಾರೆ. ಅವರ ಜೊತೆ ಮಾತಾಡಿದ್ದೇನೆ, ಬರುತ್ತಾರೆ. ಮೈದಾನ ಆಗುವವರೆಗೆ ಕಾಯಬೇಕಾಗಿಯೂ ಇಲ್ಲ. ಯಾವುದಾದರೂ ಒಂದು ಸರ್ಕಾರಿ ಹೈಸ್ಕೂಲಿನ ಮೈದಾನದಲ್ಲಿ ಶನಿವಾರ ಮಧ್ಯಾಹ್ನ ಮೂರು ಸಣ್ಣ ಹೋಲ್ ಮಾಡಿ, ಮೆತ್ತನೆ ಚೆಂಡಿನಲ್ಲಿ ಆಟ ಶುರು ಮಾಡಲು ಅನುಮತಿ ಕೊಡಿ. ಬರುವ ಜೂನ್‌ಗೆ ಶಾಲೆ ತೆರೆಯುವಾಗ ಆ ಅನುಮತಿ ಕೈಯಲ್ಲಿದ್ದರೆ ಮೊದಲ ವಾರವೇ ಶುರು ಮಾಡುತ್ತೇವೆ. ನೀವೂ ಒಂದು ಶನಿವಾರ ಬನ್ನಿ. ಕ್ಲಬ್ ನಿಮ್ಮ ಕೈಗೂ ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ
ಕೆಜಿಎಫ್, ಕೋಲಾರ ಜಿಲ್ಲೆ